ಅವ್ನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ

ನಮ್ಮೂರು ಗೌರಿಬಿದನೂರು ಕಡೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಘಾಟಿ ಜಾತ್ರೆಯಲ್ಲಿ ಒಂದು ಎತ್ತು ಮಾರಿದರು. ಕೊಳ್ಳೋಕೆ ಬಂದವನು ಪಾಪ, ಎಲ್ಲಾ ನೋಡಿದ. ಬಾಯಿ ತೆರೆಸಿ ಹಲ್ಲು ಎಣಿಸಿದ, ಸುಳಿ ನೋಡಿದ, ಗೊರಸು ಎತ್ತಿ ನೋಡಿದ, ಬಾಲ ತಿರುಚಿ ನೋಡಿದ. ಯಾರದೋ ಗಾಡಿಗೆ ಕಟ್ಟಿ ನೂರು ಮಾರು ಓಡಿಸಿಯೂ ನೋಡಿದ. ಗಾಡಿಯಲ್ಲಿ ಎತ್ತು ರಾಜನ ಹಾಗೆ ಹೋಯ್ತು. ಅದರ ತಕರಾರು ಇದ್ದದ್ದು ನೇಗಿಲಲ್ಲಿ. ನಾಲ್ಕು ಸಾಲು ಉತ್ತರೆ ಐದನೇ ಸಾಲಿಗೆ ಮಲಗಿಬಿಡೋದು. ಹೊಡೆದರೂ ಏಳಲ್ಲ, ಬೈದರೂ ಏಳಲ್ಲ.

ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗೀತು. ಬಸ್ಸಿನಲ್ಲಿ ಬರೋವಾಗ ನಾನು ಕೇಳಿದೆ, "ಅಪ್ಪ, ಅದು ಮಲಗುತ್ತೆ ಅಂತ ಹೇಳ್ಲೇ ಇಲ್ವಲ್ಲ?" ಅಪ್ಪ ಕಿಟಕಿ ಕಡೆ ನೋಡ್ತಾ ಹೇಳಿದರು, "ಅವ್ನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ ಕಣೋ."

ಅಪ್ಪ ಸುಳ್ಳು ಹೇಳೋ ಮನುಷ್ಯ ಅಲ್ಲ. ಸೊಸೈಟಿ ಸಾಲ ಒಂದು ದಿನ ತಡ ಮಾಡಿದವರಲ್ಲ. ಆದರೆ ಆ ವಾಕ್ಯ ನನ್ನ ತಲೆಯಲ್ಲಿ ಇಪ್ಪತ್ತೈದು ವರ್ಷ ಹಾಗೇ ಕೂತಿತ್ತು. ಮೊನ್ನೆ ಅದು ಎದ್ದು ಬಂದದ್ದು ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಕಾರಣಕ್ಕೆ.

2023ರಲ್ಲಿ ನಾನು ಕಾರು ಹುಡುಕ್ತಿದ್ದೆ. ಡೀಲರ್ ಬೇಡ, ಓನರ್ ಹತ್ತಿರವೇ ತಗೊಳ್ಳೋಣ, ಕಮಿಷನ್ ಉಳಿಯುತ್ತೆ ಅಂತ ಲೆಕ್ಕ. ನಾವು ಸಾಫ್ಟ್‌ವೇರ್‌ನವರು ಯಾವುದನ್ನೂ ಸುಮ್ಮನೆ ಮಾಡಲ್ಲ, ಎಕ್ಸೆಲ್ ಶೀಟ್ ಬೇಕೇ ಬೇಕು. ನನ್ನ ಶೀಟಿನಲ್ಲಿ ನಲವತ್ತೊಂದು ಸಾಲು ಇತ್ತು. ಆರ್‌ಸಿಯಲ್ಲಿರೋ ಚಾಸಿ ನಂಬರು, ಇಂಜಿನ್ ನಂಬರು ಗಾಡಿ ಮೇಲಿನದಕ್ಕೆ ಹೊಂದುತ್ತಾ? ಎಷ್ಟನೇ ಓನರ್? ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್ ಇದ್ದರೆ ಸಾಲ ತೀರಿದ ಎನ್‌ಒಸಿ, ಫಾರಂ 35 ಇದೆಯಾ? ಟ್ರಾಫಿಕ್ ಫೈನ್ ಎಷ್ಟು ಬಾಕಿ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಮೀಟರ್ ಮೂವತ್ತು ಸಾವಿರ ತೋರಿಸ್ತಾ, ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ. ಬಾನೆಟ್ ಬೋಲ್ಟಿನ ಮೇಲೆ ಪೇಂಟ್ ಒಡೆದಿದ್ದರೆ ಯಾರೋ ಅದನ್ನು ಬಿಚ್ಚಿದ್ದಾರೆ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕು. ಬಿಸಿ ಇದ್ದರೆ, ನೀವು ಬರೋ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ತಣ್ಣಗಿರೋ ಇಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದನ್ನ ನಿಮಗೆ ತೋರಿಸೋ ಮನಸ್ಸು ಅವರಿಗಿಲ್ಲದೇ ಇರಬಹುದು. ಅಪ್ಪನ ಜಾತ್ರೆಯ ಹಲ್ಲು, ಸುಳಿ, ಗೊರಸೇ ಇದು. ವ್ಯತ್ಯಾಸ ಇಷ್ಟೇ, ಟವೆಲ್ ಇಲ್ಲ.

ಮೊದಲು ನೋಡಿದ್ದು ಯಮಲೂರಿನ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಓನರ್ ರಿಟೈರ್ ಆದವರು. ನಾನು ಶೀಟ್ ತೆಗೆಯೋ ಮುಂಚೆಯೇ ಅವರು ಒಂದು ಫೈಲು ಮುಂದಿಟ್ಟರು. "ನೋಡಿ, ಮೊದಲೇ ಹೇಳಿಬಿಡ್ತೀನಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿತ್ತು. ಕಾರ್ಪೆಟ್ ತನಕ ಒದ್ದೆಯಾಗಿತ್ತು. ಇನ್ಶೂರೆನ್ಸ್‌ನಲ್ಲಿ ಸರಿ ಮಾಡಿಸಿದ್ದೀನಿ, ಬಿಲ್ಲೆಲ್ಲ ಇಲ್ಲಿದೆ. ಅದಕ್ಕೇ ಮಾರ್ಕೆಟ್‌ಗಿಂತ ಕಮ್ಮಿ ಹೇಳಿರೋದು." ಮೂರು ಲಕ್ಷ ತೊಂಬತ್ತು ಸಾವಿರ ಹೇಳಿದ್ದರು.

ಆ ಮಳೆ ನೆನಪಿದೆಯಲ್ಲ? ಬೆಳ್ಳಂದೂರು, ಔಟರ್ ರಿಂಗ್ ರೋಡು ಎಲ್ಲ ಕೆರೆಯಾಗಿ, ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ಮಳೆ. ನನಗೆ ತಕ್ಷಣ ಅದೇ ಕಣ್ಣ ಮುಂದೆ ಬಂತು. ಅವರು ಹೇಳಿದ ಮಾತನ್ನೇ ಹಿಡಿದುಕೊಂಡು ಮೂರು ಇಪ್ಪತ್ತಕ್ಕೆ ಕೇಳಿದೆ. ಅವರ ಮುಖ ಸ್ವಲ್ಪ ಸಣ್ಣಗಾಯ್ತು. "ಇಲ್ಲ ಬಿಡಿ" ಅಂದರು. ಕಾಫಿ ಮಾತ್ರ ಕೊಟ್ಟು ಕಳಿಸಿದರು.

ಎರಡು ವಾರ ಬಿಟ್ಟು ಇನ್ನೊಂದು ಕಡೆ, ಅದೇ ಮಾಡೆಲ್, ಅದೇ ವರ್ಷ. ಓನರ್ ನನ್ನದೇ ವಯಸ್ಸಿನ ಹುಡುಗ. "ಎಲ್ಲಾ ಪಕ್ಕಾ ಇದೆ ಬ್ರೋ, ನೀವೇ ಚೆಕ್ ಮಾಡ್ಕೊಳ್ಳಿ." ಚೆಕ್ ಮಾಡಿಕೊಂಡೆ. "ಆಕ್ಸಿಡೆಂಟ್ ಆಗಿದೆಯಾ?" ಅಂತ ಕೇಳಿದೆ. "ಇಲ್ಲ ಬ್ರೋ" ಅಂದ. ಅದು ನಿಜವೂ ಆಗಿತ್ತು. ನಾಲ್ಕು ಲಕ್ಷ ನಲವತ್ತಕ್ಕೆ ತಗೊಂಡೆ.

ಮುಂದಿನ ಮಳೆಗಾಲಕ್ಕೆ ಕಾರಿನೊಳಗೆ ಒಂಥರಾ ಮುಗ್ಗಲು ವಾಸನೆ. ಒಂದು ದಿನ ಪವರ್ ವಿಂಡೋ ನಿಂತಿತು, ಇನ್ನೊಂದು ದಿನ ಸೆಂಟ್ರಲ್ ಲಾಕ್. ಮೆಕ್ಯಾನಿಕ್ ಕಾರ್ಪೆಟ್ ಎತ್ತಿದ. ಕೆಳಗೆ ಒಣಗಿದ ಕೆಸರು, ಕೆರೆ ಬತ್ತಿದಾಗ ಸೀಳುಬಿಡುತ್ತಲ್ಲ, ಹಾಗೆ. ವೈರಿನ ಕನೆಕ್ಟರುಗಳು ಹಸಿರು ಹಿಡಿದಿದ್ದವು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ತೋರಿಸಿದ. ಹೊರಗೆ ಕಾಣೋ ಭಾಗ ಸ್ವಚ್ಛ, ಒಳಗೆ ಸುತ್ತಿಕೊಂಡಿದ್ದ ಕೊನೆಯಲ್ಲಿ ಮಣ್ಣಿನ ಗೆರೆ. ನನ್ನ ನಲವತ್ತೊಂದು ಸಾಲಿನಲ್ಲಿ ಅದೊಂದು ಇರಲಿಲ್ಲ. ಮೂವತ್ತೆಂಟು ಸಾವಿರ ಬಿಲ್ಲಾಯ್ತು.

ಆ ಹುಡುಗನಿಗೆ ಮನಸಾರೆ ಬೈದೆ, ಮನೆಯಲ್ಲಿ ಕೂತು. ಆಮೇಲೆ ಇವನು ಮಾಡಿದ್ದು ಮೋಸವಾ ಅಂತ ಕಾನೂನು ನೋಡೋಣ ಅಂತ ಕೂತೆ. 1872ರ ಇಂಡಿಯನ್ ಕಾಂಟ್ರ್ಯಾಕ್ಟ್ ಆ್ಯಕ್ಟ್, ಸೆಕ್ಷನ್ 17. ಓದಿ ನಗು ಬಂತು, ಯಾಕಂದ್ರೆ ಅಲ್ಲಿ ಉದಾಹರಣೆ ಕೊಟ್ಟಿರೋದು ಒಂದು ಕುದುರೆದು. ಒಬ್ಬ ತನ್ನ ಕುದುರೆ ಸರಿಯಿಲ್ಲ ಅಂತ ಗೊತ್ತಿದ್ದೂ ಹರಾಜಿನಲ್ಲಿ ಮಾರ್ತಾನೆ, ಏನೂ ಹೇಳಲ್ಲ. ಅದು ಮೋಸ ಅಲ್ಲ. ಬರೀ ಸುಮ್ಮನಿರೋದು ಮೋಸ ಅಲ್ಲ ಅನ್ನುತ್ತೆ ಕಾನೂನು. ಘಾಟಿ ಜಾತ್ರೆಯ ನಮ್ಮಪ್ಪ ಅಲ್ಲಿ ಪೂರ್ತಿ ಬಚಾವು.

ಆದರೆ ಕಾನೂನು ಅಲ್ಲಿಗೇ ನಿಲ್ಲಲ್ಲ. ಅದೇ ಕುದುರೆಯನ್ನು ಆಗ ತಾನೇ ವಯಸ್ಸಿಗೆ ಬಂದ ಸ್ವಂತ ಮಗಳಿಗೆ ಮಾರಿದರೆ? ಆಗ ಹೇಳಲೇಬೇಕು, ಸಂಬಂಧವೇ ಆ ಕರ್ತವ್ಯ ಹುಟ್ಟಿಸುತ್ತೆ. ಇದನ್ನ ಓದಿದಾಗ ನೆನಪಾಯ್ತು, ಅಪ್ಪ ಯಾವತ್ತೂ ತಕರಾರಿನ ದನವನ್ನು ಊರೋರಿಗೆ, ನೆಂಟರಿಗೆ ಮಾರ್ತಿರಲಿಲ್ಲ. ಅದಕ್ಕೆಂದೇ ಜಾತ್ರೆ ತನಕ ಹೊಡ್ಕೊಂಡು ಹೋಗ್ತಿದ್ದರು. ಸೆಕ್ಷನ್ 17 ಓದದೇ ಅವರು ಅದನ್ನ ಪಾಲಿಸ್ತಿದ್ದರು. ಮೂರನೇ ಉದಾಹರಣೆ ಇನ್ನೂ ಚೆನ್ನಾಗಿದೆ. ಕೊಳ್ಳೋನು, "ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಿದೆ ಅಂತ ತಿಳ್ಕೋತೀನಿ" ಅಂತಾನೆ. ಮಾರೋನು ಸುಮ್ಮನಿರ್ತಾನೆ. ಅಲ್ಲಿ ಮೌನವೇ ಮಾತು.

ಇದು ಹಳೇ ಜಗಳ. ಸಿಸೆರೊ ಎರಡು ಸಾವಿರ ವರ್ಷದ ಹಿಂದೆ, ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಕೇಳಿದ್ದ. ಬರಗಾಲದ ರೋಡ್ಸ್ ದ್ವೀಪಕ್ಕೆ ಒಬ್ಬ ವ್ಯಾಪಾರಿ ಹಡಗು ತುಂಬ ಧಾನ್ಯ ತರ್ತಾನೆ. ಹಿಂದೆ ಇನ್ನಷ್ಟು ಹಡಗು ಬರ್ತಿದೆ ಅಂತ ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಹೇಳಬೇಕಾ? ಹೇಳದೇ ಇರೋದೆಲ್ಲ ಮುಚ್ಚಿಟ್ಟಂತಲ್ಲ ಅನ್ನೋದು ಒಂದು ವಾದ. ಸಿಸೆರೊ ಅದನ್ನ ಒಪ್ಪಲಿಲ್ಲ. ನಿಮ್ಮ ಲಾಭಕ್ಕಾಗಿ, ಅವರಿಗೆ ಗೊತ್ತಾಗಬೇಕಾದ್ದನ್ನ ಗೊತ್ತಾಗದ ಹಾಗೆ ಇಟ್ಟರೆ ಅದು ಮುಚ್ಚಿಟ್ಟದ್ದೇ ಅಂದ. ನನಗೂ ಹಾಗೇ ಅನ್ಸುತ್ತೆ. ಅನ್ಸೋದು ಸುಲಭ, ಬಿಲ್ಲು ಕಟ್ಟಿದವನು ನಾನಲ್ಲವಾ.

ಆದರೆ ಇಲ್ಲಿ ನಾನು ಬರೀ ಮೋಸಹೋದವನಲ್ಲ. ಯಮಲೂರಿನ ಆ ಹಿರಿಯರನ್ನ ಮರೆತುಬಿಟ್ಟರೆ ಮಾತ್ರ ಹಾಗೆ ಹೇಳಬಹುದು. ಎರಡೂ ಕಾರು ನೀರು ಕುಡಿದಿದ್ದವು. ಹೇಳಿದವರಿಗೆ ನಾನು ಎಪ್ಪತ್ತು ಸಾವಿರ ಕಡಿಮೆಗೆ ಕೇಳಿ ಅವಮಾನ ಮಾಡಿದೆ. ಹೇಳದವನಿಗೆ ಕೇಳಿದಷ್ಟು ಕೊಟ್ಟು ಬಂದೆ. ಜಾರ್ಜ್ ಅಕೆರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರುಗಳ ಮಾರ್ಕೆಟ್ ಬಗ್ಗೆಯೇ ಒಂದು ಪ್ರಬಂಧ ಬರೆದ, ಆ ಕೆಲಸಕ್ಕೆ 2001ರಲ್ಲಿ ನೊಬೆಲ್ ಹಂಚಿಕೊಂಡ. ಒಳ್ಳೇದ್ಯಾವುದು ಕೆಟ್ಟದ್ಯಾವುದು ಅಂತ ಕೊಳ್ಳೋನಿಗೆ ತಿಳಿಯದೇ ಇದ್ದರೆ ಅವನು ಎಲ್ಲದಕ್ಕೂ ಸರಾಸರಿ ಬೆಲೆ ಕೊಡ್ತಾನೆ, ಆಗ ಒಳ್ಳೆ ಕಾರಿನವರು ಮಾರ್ಕೆಟ್ ಬಿಟ್ಟು ಹೋಗ್ತಾರೆ ಅನ್ನೋದು ಅವನ ವಾದ. ನಾನು ಮಾಡಿದ್ದು ಇನ್ನೂ ಒಂದು ಹೆಜ್ಜೆ ಮುಂದೆ. ನನಗೆ ತಿಳಿಸಿದವರನ್ನೇ ಹೊರಗೆ ಅಟ್ಟಿದೆ. ಮುಂದಿನ ಗಿರಾಕಿಗೆ ಅವರು ಆ ಫೈಲು ತೆಗೆದು ತೋರಿಸಿರ್ತಾರಾ? ತೋರಿಸದಿದ್ದರೆ ಅದರಲ್ಲಿ ನನ್ನ ಪಾಲೆಷ್ಟು?

ಇನ್ನೂ ಒಂದಿದೆ, ಇದನ್ನ ಹೆಂಡತಿಗೂ ತಡವಾಗಿ ಹೇಳಿದೆ. ಆ ಹುಡುಗ ಕೊಟ್ಟ ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಸೊನ್ನೆ ಅಂತಿತ್ತು. ವರ್ಷಗಟ್ಟಲೆ ಕ್ಲೇಮ್ ಮಾಡದಿದ್ದರೆ ಅದು ಇಪ್ಪತ್ತರಿಂದ ಐವತ್ತು ಪರ್ಸೆಂಟಿನ ತನಕ ಏರುತ್ತೆ. ಒಬ್ಬರೇ ಓನರ್ ಇರೋ ಐದಾರು ವರ್ಷದ ಕಾರಿನಲ್ಲಿ ಸೊನ್ನೆ ಇದೆ ಅಂದರೆ ಯಾಕೆ ಅಂತ ಕೇಳಲೇಬೇಕು. ನನ್ನ ಕಣ್ಣಿಗೆ ಅದು ಬಿದ್ದಿತ್ತು. ಆದರೆ ಅಷ್ಟೊತ್ತಿಗೆ ಕಾರು ಇಷ್ಟ ಆಗಿಬಿಟ್ಟಿತ್ತು, ಮಗಳು ಹಿಂದಿನ ಸೀಟಿನಲ್ಲಿ ಕೂತು ಕುಣೀತಿದ್ದಳು. ಕೇಳಿದರೆ ಏನಾದ್ರೂ ಬೇಡದ ಉತ್ತರ ಬಂದೀತು ಅಂತ ಕೇಳಲಿಲ್ಲ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಅದಕ್ಕೇ ಈಗ ಯಾರಾದ್ರೂ ನನ್ನ ಶೀಟ್ ಕೇಳಿದರೆ ಕೊಡ್ತೀನಿ, ಜೊತೆಗೆ ಹೇಳ್ತೀನಿ, ಗಾಡಿ ನೋಡೋ ಮುಂಚೆ ಮನುಷ್ಯನಿಗೆ ಒಂದು ಪ್ರಶ್ನೆ ಕೇಳಿ: "ನಾನು ಕೇಳದೇ ಇರೋದು, ನನಗೆ ಗೊತ್ತಿರಬೇಕಾದ್ದು ಏನಾದ್ರೂ ಇದೆಯಾ?" ಇದು ಅನುಮಾನದ ಪ್ರಶ್ನೆ ಅಲ್ಲ. ಸುಮ್ಮನಿದ್ದು ಪಾರಾಗಬಹುದಾದ ಜಾಗದಿಂದ ಅವರನ್ನ ಹೊರಗೆ ಕರೆಯೋದು. ಆಮೇಲೂ ಸುಮ್ಮನಿದ್ದರೆ ಅದು ಕುದುರೆಯ ಮೂರನೇ ಉದಾಹರಣೆಗೆ ಹತ್ತಿರ ಬರುತ್ತೆ. ನಂಬಿಕೆ ಅವರ ಕಡೆಯಿಂದಲೂ ಬೇಕಲ್ಲ. ನೀವು ಫಾರಂ 29, 30 ಹಾಕಿ ಹೆಸರು ಬದಲಾಯಿಸಿಕೊಳ್ಳದೇ ಓಡಾಡಿ ಯಾರಿಗಾದ್ರೂ ಗುದ್ದಿದರೆ, ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರೋ ಹಳೇ ಓನರ್ ಮೇಲೇ ಬೀಳುತ್ತೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಈಗ ಆ ಕಾರನ್ನ ನಾನೇ ಮಾರ್ತಿದ್ದೀನಿ. ಅಪ್ಪನ ಮಂಡಿ ನೋವು, ಎತ್ತರದ ಗಾಡಿ ಬೇಕು. ಕಳೆದ ಭಾನುವಾರ ಶಿರಾ ಕಡೆಯ ಒಬ್ಬ ಹುಡುಗ ಬಂದಿದ್ದ, ಮೊದಲ ಕೆಲಸ, ಜೊತೆಗೆ ಅವರಪ್ಪ. ಹುಡುಗ ಮೊಬೈಲಿನಲ್ಲಿ ಲಿಸ್ಟ್ ನೋಡ್ತಾ ಟೈರು, ಬ್ಯಾಟರಿ ಅಂತ ಓಡಾಡ್ತಿದ್ದ. ನೀರಿನ ಮಾತು ಅವನ ಲಿಸ್ಟಲ್ಲಿ ಇರಲಿಲ್ಲ, ನನ್ನದರಲ್ಲಿ ಇಲ್ಲದ ಹಾಗೆ. ಅವರಪ್ಪ ಕಾರಿನ ಸುತ್ತ ಒಂದು ರೌಂಡು ಬಂದು, ಎತ್ತಿನ ಬೆನ್ನು ಸವರೋ ಹಾಗೆ ಬಾಗಿಲು ಸವರಿ, ನನ್ನ ಕಡೆ ತಿರುಗಿದರು. "ನೀವೂ ನಮ್ಮ ಕಡೇರೇ ಅಂತಲ್ಲ ಸಾರ್. ನೀವು ಚೆನ್ನಾಗಿದೆ ಅಂದ್ರೆ ನಮಗೆ ಸಾಕು."

ನಾಲ್ಕು ಸೆಕೆಂಡ್ ಸುಮ್ಮನಿದ್ದೆ. ಎಣಿಸಲಿಲ್ಲ, ಆದರೆ ಅಷ್ಟಾದರೂ ಇತ್ತು. ಆಮೇಲೆ, "ಯಜಮಾನ್ರೇ, ಒಂದು ನಿಮಿಷ" ಅಂತ ಕಾರ್ಪೆಟ್ ಎತ್ತಿ ತೋರಿಸಿದೆ. ಬಿಲ್ಲೂ ಕೊಟ್ಟೆ. ಇದಕ್ಕೇ ಮೂವತ್ತು ಸಾವಿರ ಕಮ್ಮಿ ಮಾಡ್ತೀನಿ ಅಂದೆ. ಅವರು ಬಿಲ್ಲನ್ನ ದೂರ ಹಿಡಿದು ಓದಿದರು. ಹುಡುಗನ ಮುಖ ನೋಡಿದರು. "ಫೋನ್ ಮಾಡ್ತೀವಿ ಸಾರ್" ಅಂದು ಹೋದರು.

ಬುಧವಾರ ಫೋನ್ ಬಂತು. ನಾನು ಕಮ್ಮಿ ಮಾಡಿದ ಮೂವತ್ತರ ಮೇಲೆ ಇನ್ನೂ ನಲವತ್ತು ಸಾವಿರ ಬಿಡಿ ಅಂತ. ಸಿಟ್ಟು ಬಂತು. ಹೇಳದೇ ಇದ್ದಿದ್ದರೆ ಕೇಳಿದ ಬೆಲೆಗೇ ಹೋಗಿರೋದು ಅಂತ ಫೋನ್ ಇಟ್ಟ ಮೇಲೂ ಮನಸ್ಸಿನಲ್ಲಿ ಲೆಕ್ಕ ಓಡ್ತಿತ್ತು. ಅಪ್ಪ ಪಕ್ಕದಲ್ಲೇ ಕೂತು ಎಲ್ಲಾ ಕೇಳಿಸ್ಕೊಂಡರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರದೊಳಗೆ ಹೇಳ್ತೀನಿ ಅಂದಿದ್ದೀನಿ. ಇವತ್ತು ಶುಕ್ರವಾರ.