ಕ್ರಿಸ್‌ಮಸ್ ಊಟಕ್ಕೆ ಹಸಿ ತೊಗರಿ

ಡೊಮಿನಿಕನ್ ರಿಪಬ್ಲಿಕ್ ಎಂದ ಕೂಡಲೇ ಕ್ರಿಕೆಟ್ ನೋಡುವವರಿಗೆ ಯಶಸ್ವಿ ಜೈಸ್ವಾಲ್ 2023ರಲ್ಲಿ ತನ್ನ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದ ದ್ವೀಪ ನೆನಪಾದೀತು. ಅದು ಡೊಮಿನಿಕಾ, ಬೇರೆಯೇ ದೇಶ. ನಾನು ಹೇಳಹೊರಟಿರುವುದು ಹೈಟಿಯ ಮಗ್ಗುಲಲ್ಲಿ, ಒಂದೇ ದ್ವೀಪವನ್ನು ಹಂಚಿಕೊಂಡಿರುವ, ಸ್ಪ್ಯಾನಿಷ್ ಮಾತಾಡುವ, ಬೇಸ್‌ಬಾಲ್ ಹುಚ್ಚಿನ ನಾಡಿನ ಮಾತು. ಅಲ್ಲಿ ವರ್ಷದ ದೊಡ್ಡ ಊಟ ಡಿಸೆಂಬರ್ 24ರ ರಾತ್ರಿ. ನೋಚೆಬುಯೆನಾ ಎನ್ನುತ್ತಾರೆ. ಎಲ್ಲೆಲ್ಲೋ ಇರುವ ಮಕ್ಕಳು, ಮೊಮ್ಮಕ್ಕಳು ಅಜ್ಜಿಯ ಮನೆ ಸೇರುವ ರಾತ್ರಿ ಅದು.

ಈ ಊಟದ ಬಗ್ಗೆ ಬರೆಯುವವರೆಲ್ಲ ಹಂದಿಯಿಂದ ಶುರುಮಾಡುತ್ತಾರೆ. ಕಹಿಕಿತ್ತಳೆಯ ರಸ, ಬೆಳ್ಳುಳ್ಳಿ, ಒರೆಗಾನೊ ಸೊಪ್ಪು, ಉಪ್ಪು ಸವರಿ, ಉದ್ದನೆಯ ಕೋಲಿಗೆ ಏರಿಸಿ, ಕೆಂಡದ ಮೇಲೆ ಗಂಟೆಗಟ್ಟಲೆ ತಿರುಗಿಸುತ್ತ ಸುಡುವ ಇಡೀ ಹಂದಿ. ಪಟ್ಟಣದವರಿಗೆ ಅಷ್ಟು ಅಂಗಳವೆಲ್ಲಿ? ರಸ್ತೆ ಬದಿಯಲ್ಲಿ ಸುಟ್ಟು ಮಾರುವವರಿಂದ ತೂಗಿಸಿಕೊಂಡು ಬರುತ್ತಾರೆ. ಚಿತ್ರ ತೆಗೆಯುವುದಕ್ಕೆ ಹಂದಿಯೇ ಸರಿ. ಆದರೆ ಆ ಊಟವನ್ನು ಡಿಸೆಂಬರಿನ ಊಟ ಮಾಡುವುದು ಅದರ ಪಕ್ಕದಲ್ಲಿ ಬಡಿಸುವ ಅನ್ನ: ಹಸಿ ತೊಗರಿಕಾಳು ಹಾಕಿ ಮಾಡಿದ ಮೋರೊ ದೆ ಗ್ವಾಂದೂಲೆಸ್.

ಹೌದು, ನಮ್ಮದೇ ತೊಗರಿ. ವರ್ಷವಿಡೀ ಅವರ ಮಧ್ಯಾಹ್ನದ ಊಟಕ್ಕೆ ಅನ್ನ, ಬೇಯಿಸಿದ ಕೆಂಪು ರಾಜ್ಮಾ ಬೀಜ, ಮಾಂಸ. ಈ ಮೂರೂ ಸೇರಿದ ಊಟಕ್ಕೆ 'ಲಾ ಬಂದೆರಾ', ಅಂದರೆ ಬಾವುಟ ಎಂದೇ ಹೆಸರು. ಹಬ್ಬದ ದಿನ ಕೆಂಪು ಬೀಜ ಪಕ್ಕಕ್ಕೆ ಸರಿಯುತ್ತದೆ. ಎರಕದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ, ಬೆಳ್ಳುಳ್ಳಿ, ಖಾರವಿಲ್ಲದ ಉದ್ದ ಮೆಣಸಿನಕಾಯಿ, ಕೊತ್ತಂಬರಿ, ಒರೆಗಾನೊ, ಟೊಮೆಟೊ ಹಾಕಿ ಬಾಡಿಸುತ್ತಾರೆ. ಬೆಂದ ಹಸಿ ತೊಗರಿಕಾಳು ಸೇರಿಸಿ, ಹಬ್ಬವಾದ್ದರಿಂದ ನೀರಿನ ಜೊತೆ ತೆಂಗಿನ ಹಾಲೂ ಹೊಯ್ದು, ಕುದಿ ಬಂದಾಗ ಅಕ್ಕಿ ಹಾಕುತ್ತಾರೆ. ನೀರು ಆರಿದ ಮೇಲೆ ಮುಚ್ಚಿ ಸಣ್ಣ ಉರಿ. ಪಾತ್ರೆಯ ತಳ ಹಿಡಿದು ಗರಿಗರಿಯಾದ ಅನ್ನದ ಪದರಕ್ಕೆ ಕೊನ್‌ಕೋನ್ ಎಂದು ಹೆಸರು. ನಮ್ಮಲ್ಲಿ ತಳ ಹತ್ತಿದರೆ ಅಡುಗೆಯವರಿಗೆ ಬೈಗುಳ. ಅಲ್ಲಿ ತಳ ಹತ್ತದಿದ್ದರೆ. ಅದನ್ನು ಕೆರೆದು ಸಮನಾಗಿ ಹಂಚದಿದ್ದರೆ ಮಕ್ಕಳ ಜಗಳ ನಿಲ್ಲುವುದಿಲ್ಲ.

ಹಸಿ ತೊಗರಿಯೇ ಏಕೆ, ಅದೂ ಡಿಸೆಂಬರಿನಲ್ಲೇ ಏಕೆ? ಉತ್ತರ ಇಗರ್ಜಿಯಲ್ಲಿಲ್ಲ, ಹೊಲದಲ್ಲಿದೆ. ನಾಟಿ ತೊಗರಿ ಹಗಲು ಚಿಕ್ಕದಾಗತೊಡಗಿದ ಮೇಲಷ್ಟೇ ಹೂ ಬಿಡುವ ಗಿಡ. ಹಗಲಿನ ಅಳತೆಯನ್ನು ನಿರ್ಧರಿಸುವುದು ಅಕ್ಷಾಂಶ. ಅಲ್ಲಿನ ರಾಜಧಾನಿ ಸಾಂತೊ ದೊಮಿಂಗೊ ಇರುವುದು ಹದಿನೆಂಟೂವರೆ ಡಿಗ್ರಿ ಉತ್ತರದಲ್ಲಿ, ನಮ್ಮ ಬೀದರ್ ಸುಮಾರು ಹದಿನೆಂಟರಲ್ಲಿ, ಕಲಬುರಗಿ ಹದಿನೇಳು ದಾಟಿ. ಹಾಗಾಗಿ ನಡುವೆ ಎರಡು ಸಾಗರಗಳಿದ್ದರೂ ಎರಡೂ ಕಡೆ ಕಾಯಿ ತುಂಬುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಕಲಬುರಗಿ, ಬೀದರ್ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧು ಬಳಗವೆಲ್ಲ ಸುತ್ತ ಕೂತು ಸಜ್ಜೆ ರೊಟ್ಟಿಗೆ ಹಚ್ಚಿಕೊಳ್ಳುವ ಭಜ್ಜಿಯಲ್ಲೂ ಹಸಿ ತೊಗರಿಕಾಳು ಇರುತ್ತದೆ. ದೇವರು ಬೇರೆ, ಪಂಚಾಂಗ ಬೇರೆ, ಕಾಳು ಒಂದೇ.

ಆ ಕಾಳು ಅಲ್ಲಿಗೆ ಹೋದ ದಾರಿ ಮಾತ್ರ ಹಬ್ಬದ ದಾರಿಯಲ್ಲ. ತೊಗರಿಯ ಹುಟ್ಟು ಭಾರತದಲ್ಲಿ. ಇಲ್ಲಿಂದ ಬಹು ಹಿಂದೆಯೇ ಆಫ್ರಿಕಕ್ಕೆ ಹೋಯಿತು; ಆಫ್ರಿಕದಿಂದ ಕೆರಿಬಿಯನ್‌ಗೆ ಹೋದದ್ದು ಗುಲಾಮರ ಹಡಗುಗಳ ಕಾಲದಲ್ಲಿ. ಹೊರಗಿನಿಂದ ಬಂದದ್ದು ತೊಗರಿಯೊಂದೇ ಅಲ್ಲ. ಕೊಲಂಬಸನ ಸಾಂತಾ ಮರಿಯಾ ಹಡಗು ಇದೇ ದ್ವೀಪದ ಉತ್ತರ ತೀರದಲ್ಲಿ, ಈಗಿನ ಹೈಟಿಯ ಭಾಗದಲ್ಲಿ, ನೆಲಕ್ಕೆ ತಗುಲಿ ಹಾಳಾದದ್ದು 1492ರ ಕ್ರಿಸ್‌ಮಸ್‌ನ ಹಿಂದಿನ ರಾತ್ರಿ. ಸರಕು ಇಳಿಸಲು ನೆರವಾದವರು ದ್ವೀಪದ ಮೂಲನಿವಾಸಿಗಳಾದ ತಾಯಿನೋ ಜನರ ಒಡೆಯ ಗ್ವಾಕನಗರಿಯ ಕಡೆಯವರು. ದ್ವೀಪದ ಆ ಮೊದಲ ನೋಚೆಬುಯೆನಾದಂದು ಅಲ್ಲಿ ಹಂದಿ ಇರಲಿಲ್ಲ, ಅಕ್ಕಿ ಇರಲಿಲ್ಲ, ತೊಗರಿ, ತೆಂಗು, ಬಾಳೆ ಯಾವುದೂ ಇರಲಿಲ್ಲ. ಹಂದಿ ಬಂದದ್ದು ಮರುವರ್ಷ, ಕೊಲಂಬಸನ ಎರಡನೇ ಯಾತ್ರೆಯಲ್ಲಿ. ಬಾಳೆಯನ್ನು 1516ರಲ್ಲಿ ತಂದವರು ತೊಮಾಸ್ ದೆ ಬೆರ್ಲಂಗಾ ಎಂಬ ಪಾದ್ರಿ. ತಾಯಿನೋ ಜನರದ್ದೇ ಆಗಿದ್ದ ಮರಗೆಣಸಿನ ರೊಟ್ಟಿ, ಕಸಾಬೆ, ಇಂದಿಗೂ ಉಳಿದಿದೆ. 2024ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅದನ್ನು ಮಾಡಲು ಕಲಿಸಿದ ಜನ ಮಾತ್ರ ದುಡಿತ, ರೋಗ, ಹಿಂಸೆಗೆ ಸಿಕ್ಕಿ ಕೆಲವೇ ದಶಕಗಳಲ್ಲಿ ಬೆರಳೆಣಿಕೆಗೆ ಇಳಿದರು. 'ಅನಾದಿ ಕಾಲದ ಅಡುಗೆ' ಎಂಬ ಮಾತನ್ನು ಯಾವ ದೇಶದವರು ಆಡಿದರೂ ಸ್ವಲ್ಪ ಅನುಮಾನದಿಂದಲೇ ಕೇಳಬೇಕು.

ಮೇಜಿನ ಮೇಲೆ ಇನ್ನೂ ಬೇಕಾದಷ್ಟಿದೆ. ಆಲೂಗಡ್ಡೆಯ ರಷ್ಯನ್ ಸಲಾಡ್, ಕ್ರಿಸ್‌ಮಸ್‌ ಕಾಲಕ್ಕೆಂದೇ ಬೇಯಿಸುವ ತೆಲೆರಾ ಬ್ರೆಡ್, ಶುಂಠಿ ಕಷಾಯ, ಹೊರದೇಶದಿಂದ ಬಂದ ಸೇಬು, ದ್ರಾಕ್ಷಿ. ಹೆಚ್ಚು ಕೆಲಸ ಬೇಡುವುದು ಪಾಸ್ತೆಲೆಸ್ ಎನ್ ಓಹಾ. ಬಾಳೆಕಾಯಿ, ಗೆಡ್ಡೆಗಳನ್ನು ತುರಿದು ಹಿಟ್ಟು ಮಾಡಿ, ನಡುವೆ ಮಾಂಸದ ಹೂರಣ ಇಟ್ಟು, ಬಾಳೆಲೆಯಲ್ಲಿ ಮಡಿಸಿ, ದಾರ ಕಟ್ಟಿ, ಕುದಿಯುವ ಉಪ್ಪುನೀರಿಗೆ ಬಿಡುತ್ತಾರೆ. ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ತುರಿಯಬೇಕು, ಒಬ್ಬರು ಎಲೆ ಬಾಡಿಸಬೇಕು, ಒಬ್ಬರು ಕಟ್ಟಬೇಕು. ಮಾಡುವಾಗ ಎಣಿಸಿ ಮಾಡುವುದಿಲ್ಲ, ನೆರೆಮನೆಗೂ ಹೋಗಬೇಕಲ್ಲ.

ಇಷ್ಟಕ್ಕೆಲ್ಲ ದುಡ್ಡು? ಅದಕ್ಕೂ ಅವರಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ವರ್ಷದ ಸಂಬಳದ ಹನ್ನೆರಡನೇ ಒಂದು ಭಾಗವನ್ನು ಹದಿಮೂರನೇ ಸಂಬಳವಾಗಿ ಡಿಸೆಂಬರ್ 20ರೊಳಗೆ ಕೊಡಬೇಕೆಂದು ಕಾರ್ಮಿಕ ಕಾನೂನೇ ಹೇಳುತ್ತದೆ. ಹಬ್ಬಕ್ಕೆ ನಾಲ್ಕು ದಿನ ಮೊದಲು ಕೈಗೆ ಕಾಸು. ಕಾನೂನು ಬರೆದವರಿಗೆ ಸಂತೆಯ ಅನುಭವ ಇದ್ದಿರಬೇಕು.

ದೇಶ ಬಿಟ್ಟು ನ್ಯೂಯಾರ್ಕ್ ಸೇರಿದ ಲಕ್ಷಾಂತರ ಡೊಮಿನಿಕನ್ನರು ಅಪಾರ್ಟ್‌ಮೆಂಟಿನಲ್ಲಿ ಇಡೀ ಹಂದಿ ಸುಡಲಾರರು. ಅದರ ತೊಡೆಯ ಮಾಂಸವನ್ನು ಓವನ್‌ಗೆ ಇಟ್ಟು ಸುಮ್ಮನಾಗುತ್ತಾರೆ. ಹಂದಿಯ ಆಕಾರದಲ್ಲಿ ರಾಜಿಯಾದರೂ ತೊಗರಿಯಲ್ಲಿ ಇಲ್ಲ. ಅದು ಡಬ್ಬಿಯಲ್ಲೋ ಶೀತಲ ಪೊಟ್ಟಣದಲ್ಲೋ ಸಿಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಹಸಿ ತೊಗರಿಕಾಳಿಗೆ ಭಾರತೀಯ ಅಂಗಡಿಯನ್ನೇ ಹುಡುಕಬೇಕಿಲ್ಲ. ಲ್ಯಾಟಿನ್ ಅಮೆರಿಕದ ದಿನಸಿ ಇಡುವ ಸಾಲಿನಲ್ಲಿ ನೋಡಿದರೆ ಸಾಕು.

ಊರಲ್ಲಿರುವವರಿಗೆ ಇನ್ನೂ ಸುಲಭ. ಈ ಸಲ ಸಂತೆಗೆ ಹಸಿ ತೊಗರಿಕಾಯಿ ಬಂದಾಗ ಸಾರಿಗೆ ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು ತನ್ನಿ. ಎರಡು ಲೋಟ ಅಕ್ಕಿಗೆ ಒಂದೂವರೆ ಲೋಟ ಬೆಂದ ಕಾಳು, ಒಂದು ಲೋಟ ತೆಂಗಿನ ಹಾಲು, ಕಾಳು ಬೇಯಿಸಿದ ನೀರು ಎರಡೂವರೆ ಲೋಟ. ಗರಂ ಮಸಾಲೆ ಹಾಕುವ ಆಸೆಯನ್ನು ಅದೊಂದು ದಿನ ತಡೆದುಕೊಳ್ಳಿ. ದಪ್ಪ ತಳದ ಪಾತ್ರೆಯಲ್ಲೇ ಮಾಡಿ. ಕುಕ್ಕರ್ ಬೇಡ, ಅದರಲ್ಲಿ ಕೊನ್‌ಕೋನ್ ಆಗುವುದಿಲ್ಲ.