ಸವೆದದ್ದು ಯಾವುದು, ಸವೆಸಿದವರು ಯಾರು?

ಪ್ಯಾಟಿ ಮಂದಿ ಕೆಸರಾಗ ಓಡಸಾಕಂತ ಬ್ಯಾರೆ ಬೈಕ್ ತಗೋತಾರ. ಅದರ ಹೆಸರು ಡರ್ಟ್ ಬೈಕ್. ನಮ್ಮ ಕಲಘಟಗಿ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಇದ್ದ ಬೈಕೆಲ್ಲ ಡರ್ಟ್ ಬೈಕೇ. ಭತ್ತದ ಗದ್ದೆಯ ದಾರಿ, ಬೇಡ್ತಿ ಹಳ್ಳದ ಕಡೆಯ ಕೆಸರು, ಹಿಂದೆ ಎರಡು ಹಾಲಿನ ಕ್ಯಾನು, ನಡುವೆ ಗೊಬ್ಬರದ ಚೀಲ. ಹೀಗೆ ದುಡಿದ ನಮ್ಮ ಗೆಳೆಯನೊಬ್ಬನ ನೂರು ಸಿಸಿ ಗಾಡಿ ಒಂದು ದಿನ ಏರಿನಲ್ಲಿ ಸೋತು ನಿಂತಿತು. ಎಂಜಿನ್ ಒದರುತ್ತದೆ, ಗಾಡಿ ಮುಂದಕ್ಕೆ ಹೋಗವಲ್ದು.

ಒಂದು ಅಂಗಡಿಯಲ್ಲಿ ಗಾಡಿಯನ್ನು ಮುಟ್ಟದೆಯೇ, 'ಪೂರಾ ಕ್ಲಚ್ ಸೆಟ್ ಹೋಗೇತಿ, ಬದಲಿ ಮಾಡಸ್ರಿ' ಎಂದರು. ಅಷ್ಟು ರೊಕ್ಕ ಗೆಳೆಯನಲ್ಲಿ ಇರಲಿಲ್ಲ. ಗಾಡಿ ನೂಕಿಕೊಂಡು ನಮ್ಮ ಕೇರಿಯವರೇ ಆದ ಹಿರಿಯ ಮಿಸ್ತ್ರಿಯೊಬ್ಬರ ಹತ್ತಿರ ಹೋದೆವು. ಅವರು ವಿದ್ಯೆ ಕಲಿತದ್ದು ಯೆಜ್ಡಿ ಬಿಚ್ಚಿ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಮೇಲೂ ಆ ಗಾಡಿಗಳು ಓಡಿದ್ದು ಇಂಥ ಕೈಗಳಿಂದ. ಈ ಕೈಗಳಿಗೆ ಯಾವ ಕಾಲೇಜೂ ಸರ್ಟಿಫಿಕೇಟು ಕೊಟ್ಟಿಲ್ಲ.

ಮಿಸ್ತ್ರಿ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿದರು: 'ಯಾವಾಗಿಂದ ಹಿಂಗ? ಏನೇನ್ ಹೇರ್ತಿ? ಯಾವ ಆಯಿಲ್ ಹಾಕ್ಸೀದಿ?' ಕಾರಿನ ಕೆಲವು ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥ ಇರುತ್ತದೆ. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುವುದರಿಂದ ಅದು ಹಿಡಿತ ಕಳೆದುಕೊಳ್ಳಬಹುದು. ಆಮೇಲೆ ತಾವೇ ಹತ್ತಿ ನೋಡಿದರು. ಮೇಲಿನ ಗೇರಿನಲ್ಲಿ ಆಕ್ಸಿಲೇಟರ್ ತಿರುವಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಕ್ಲಚ್ ಜಾರುತ್ತಿದೆ, ಖರೆ. ಆದರೆ ಜಾರಿದ್ದಕ್ಕೆಲ್ಲ ಪ್ಲೇಟೇ ಕಾರಣ ಎನ್ನುವಂತಿಲ್ಲ. ಕೇಬಲ್ ಬಿಗಿದಿದ್ದರೆ ಕೈ ಬಿಟ್ಟರೂ ಪ್ಲೇಟುಗಳು ಪೂರಾ ಕೂಡುವುದಿಲ್ಲ. ಇಂಥ ಗಾಡಿಗೆ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಬೇಕು. ಇಲ್ಲಿ ಸಡಿಲವೇ ಇರಲಿಲ್ಲ. ಕೇಬಲ್ ಸರಿಮಾಡಿ ಮತ್ತೆ ಏರಿಗೆ ಒಯ್ದರು. ಇನ್ನೂ ಜಾರಿತು. ಆಗಷ್ಟೇ ಬಿಚ್ಚಿದರು.

ಆಯಿಲ್ ಇಳಿಸಿ, ಬಲಗಡೆಯ ಕವರ್ ತೆಗೆದು, ಸ್ಪ್ರಿಂಗಿನ ಬೋಲ್ಟುಗಳನ್ನು ಎದುರು-ಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿದರು. ಹೊರಬಂದ ಪ್ಲೇಟುಗಳನ್ನು ಬಂದ ಸಾಲಿನಲ್ಲೇ ಹಾಸಿದರು. ಘರ್ಷಣೆಯ ಪ್ಲೇಟುಗಳ ದಪ್ಪ ಅಳೆದರು, ಸ್ಪ್ರಿಂಗುಗಳ ಉದ್ದ ಅಳೆದರು, ಉಕ್ಕಿನ ಪ್ಲೇಟುಗಳನ್ನು ಗಾಜಿನ ಮೇಲಿಟ್ಟು ಸೊಟ್ಟ ನೋಡಿದರು. ಎರಡು ಶಾಖಕ್ಕೆ ನೀಲಿಗಟ್ಟಿದ್ದವು. ಹೊಸ ಪ್ಲೇಟುಗಳನ್ನು ಆಯಿಲಿನಲ್ಲಿ ನೆನೆಸಿ ಕೂಡಿಸಿದರು. ಗಟ್ಟಿಯಿದ್ದ ಸ್ಪ್ರಿಂಗುಗಳನ್ನು ಉಳಿಸಿದರು. ಸವೆದವನ್ನು ಪೇಪರಿನಲ್ಲಿ ಸುತ್ತಿ ಗೆಳೆಯನ ಕೈಗಿಟ್ಟರು:

'ನೋಡ್ಕೋ. ಇದರಾಗ ಪ್ಲೇಟಿಂದೇನೂ ತಪ್ಪಿಲ್ಲ. ಹೇರಿಕಿ ಕಡಿಮಿ ಮಾಡು, ಕೆಸರಾಗ ಅರ್ಧಾ ಕ್ಲಚ್ ಹಿಡದು ಎಳೀಬ್ಯಾಡ. ಇಲ್ಲಾಂದ್ರ ಹೊಸಾವೂ ಹಿಂಗ ಆಗ್ತಾವ.'

ಅಷ್ಟರಲ್ಲಿ ಊರಿನ ಜಮೀನುದಾರನೊಬ್ಬ ತನ್ನ ಗಾಡಿ ಒಯ್ಯಲು ಬಂದ. ಮಿಸ್ತ್ರಿ ಕೈ ಚಾಚಿದರು. ಆತ ನೋಟನ್ನು ಮೇಲಿನಿಂದ ಬಿಟ್ಟ, ಕೈಗೆ ಕೈ ತಾಗದ ಹಾಗೆ. ತನ್ನ ಎಂಜಿನಿನ ಹೊಟ್ಟೆಯೊಳಗೆ ಹೋಗಬಹುದಾದ ಕೈ ತನ್ನ ಬೆರಳಿಗೆ ತಾಗಬಾರದು! ಮಿಸ್ತ್ರಿ ನೋಟು ಎತ್ತಿಕೊಂಡರು. ನಾವು ಸುಮ್ಮನೆ ನಿಂತಿದ್ದೆವು. ಆ ಸುಮ್ಮನಿರುವಿಕೆಯೇ ಈ ಬರಹಕ್ಕೆ ಕಾರಣ.

ಗೆಳೆಯರೆ, ಯಂತ್ರದಲ್ಲಿ ಕ್ಲಚ್ ಪ್ಲೇಟು ಇರುವುದೇ ಸವೆಯಲಿಕ್ಕೆ. ತಾನು ಸವೆದು ಗೇರನ್ನು ಉಳಿಸುತ್ತದೆ. ಇದರಲ್ಲಿ ಅನ್ಯಾಯವೇನಿಲ್ಲ. ಪ್ಲೇಟಿಗೆ ಹಸಿವಿಲ್ಲ, ಮಕ್ಕಳಿಲ್ಲ, ಅವಮಾನವಿಲ್ಲ. ಈ ಸಮಾಜವಾದರೋ ಮನುಷ್ಯರನ್ನೇ ಪ್ಲೇಟು ಮಾಡಿಕೊಂಡಿತು. ಜಾತಿ ಕೆಲಸವನ್ನು ಹಂಚಿದ್ದಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲು ಕೀಳೆಂದು ಹೋಳು ಮಾಡಿತೆಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬಿಡಿಸಿ ತೋರಿಸಿದರು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ದೇಶಕ್ಕೊಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. ಆದರೂ ಗುಂಡಿಗಿಳಿದವನು ಸತ್ತ ಸುದ್ದಿ ಬರುತ್ತಲೇ ಇದೆ. ಮರುದಿನ ಅದೇ ಕೇರಿಯಿಂದ ಇನ್ನೊಬ್ಬನನ್ನು ಕರೆಯುತ್ತಾರೆ. ಪ್ಲೇಟು ಬದಲಾಯಿತು, ಗಾಡಿ ನಡೆಯಿತು. ಹೇರಿಕೆ ಯಾರದು ಎಂದು ಕೇಳಿದವರಾರು?

ಆಳುವವರು ವರ್ಷಗಟ್ಟಲೆ ಕೇಬಲ್ಲನ್ನಷ್ಟೇ ತಿರುವುತ್ತಾರೆ, ಒಳಗೆ ಸುಟ್ಟ ವಾಸನೆ ಬಂದರೂ ಕವರ್ ತೆಗೆಯುವುದಿಲ್ಲ. ನಮ್ಮದೂ ಒಂದು ತಪ್ಪಿದೆ. ನಾವು ಹಲವು ಸಲ ಮುಟ್ಟಿ ನೋಡದೆ, ಕೇಳದೆ, 'ಪೂರಾ ಹೋಗೇತಿ' ಎಂದು ಭಾಷಣ ಮಾಡಿ ಮನೆಗೆ ಹೋಗುತ್ತೇವೆ. ದಣಿದು ಹಿಂದುಳಿದ ಸಂಗಾತಿಯ ಜಾಗಕ್ಕೆ ಹೊಸಬನನ್ನು ತರುತ್ತೇವೆ. ಅವನ ಮೇಲೆ ಎಷ್ಟು ಹೇರಿದ್ದೆವು ಎಂದು ನಮ್ಮನ್ನೇ ಕೇಳಿಕೊಳ್ಳುವುದಿಲ್ಲ. ಬಿಚ್ಚುವ ಧೈರ್ಯ ಎಷ್ಟು ಬೇಕೋ ಬಿಚ್ಚುವ ಮೊದಲು ಪರೀಕ್ಷಿಸುವ ತಾಳ್ಮೆಯೂ ಅಷ್ಟೇ ಬೇಕು.

ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಆ ತೊಟ್ಟಿಲಲ್ಲಿ ಮಲಗಿದ ಕೂಸಾಗಲಿ, ಹರಕು ಸೀರೆಯ ಜೋಳಿಗೆಯಲ್ಲಿ ಮಲಗಿದ ಕೂಸಾಗಲಿ, ಸವೆಯಲಿಕ್ಕೆಂದೇ ಹುಟ್ಟಿರುವುದಿಲ್ಲ. ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಹೇಳಲಿ. ನಾವು ಮತ್ತೆ ಆ ಮಿಸ್ತ್ರಿಯ ಹತ್ತಿರ ಹೋಗುವವರಿದ್ದೇವೆ. ಹಣ ಕೈಯಲ್ಲೇ ಇಡುತ್ತೇವೆ. ಆ ಜಮೀನುದಾರ ಮತ್ತೆ ಬಂದರೆ, ಈ ಸಲ ಸುಮ್ಮನೆ ನಿಲ್ಲುವುದಿಲ್ಲ.