ಮುದಿಮರದ ಅಣಬೆ ಮತ್ತು ಶ್ರಾವಕನ ವಿವೇಕ

ಮಳೆಗಾಲದಲ್ಲಿ ಬಸದಿಯ ಆವರಣದ ಹಳೆಯ ಮರದ ಬುಡದಲ್ಲಿ ಅಣಬೆ ಕಾಣಿಸಿಕೊಂಡರೆ ಆಡಳಿತ ಸಮಿತಿಯ ಮುಂದೆ ಪ್ರಶ್ನೆಯೊಂದು ಏಳುತ್ತದೆ. ಮರವನ್ನುಳಿಸಲು ಅಣಬೆಯನ್ನು ನಾಶಪಡಿಸಬೇಕೆ, ಅಥವಾ ಮರವೇ ಕೊಳೆಯಿತೆಂದು ಕಡಿಸಬೇಕೆ? ಎರಡರಲ್ಲಿಯೂ ಜೀವಘಾತವುಂಟು. ಆದುದರಿಂದ ಶ್ರಾವಕನಿಗೆ ಇದು ಕೇವಲ ತೋಟಗಾರಿಕೆಯ ವಿಷಯವಲ್ಲ.

ಜಿನಾಗಮವು ವನಸ್ಪತಿಕಾಯಿಕ ಜೀವಗಳನ್ನು ಪ್ರತ್ಯೇಕ, ಸಾಧಾರಣ ಎಂದು ವಿಭಾಗಿಸುತ್ತದೆ. ಒಂದೇ ಶರೀರವನ್ನು ಅನಂತ ಜೀವಗಳು ಆಶ್ರಯಿಸಿರುವುದು ಸಾಧಾರಣ. ಅಣಬೆಯನ್ನು ಈ ವರ್ಗದಲ್ಲಿ ಎಣಿಸಿ ಆಹಾರದಲ್ಲಿ ವರ್ಜಿಸುವುದು ಜೈನ ಮನೆತನಗಳ ರೂಢಿ. ಆಧುನಿಕ ವಿಜ್ಞಾನವು ಶಿಲೀಂಧ್ರಗಳನ್ನು ಸಸ್ಯಗಳಿಂದ ಬೇರ್ಪಡಿಸಿದೆ. ೧೯೬೯ರಲ್ಲಿ ವಿಟೇಕರ್ ಎಂಬ ವಿಜ್ಞಾನಿ ಅವುಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕಲ್ಪಿಸಿದನು. ವರ್ಗೀಕರಣ ಹೇಗೇ ಇರಲಿ, ಕಣ್ಣಿಗೆ ಕಾಣುವ ಕೊಡೆಯು ಫಲ ಮಾತ್ರ. ನಿಜವಾದ ಶರೀರವು ಮಣ್ಣಿನಲ್ಲಿಯೋ ಮರದೊಳಗೋ ಹಬ್ಬಿದ ಸೂಕ್ಷ್ಮ ಎಳೆಗಳ ಜಾಲ. ಕೊಡೆಯನ್ನು ಕಿತ್ತೆಸೆದರೆ ಜಾಲವು ಅಳಿಯದು, ಮರವೂ ಉಳಿಯದು. ಫಲವಿಲ್ಲದ ಇಂತಹ ಹಿಂಸೆಯನ್ನೇ ಆಚಾರ್ಯರು ಅನರ್ಥದಂಡವೆಂದು ಕರೆದಿರುವುದು.

ಎಲ್ಲ ಅಣಬೆಗಳೂ ಮರಕ್ಕೆ ವೈರಿಗಳಲ್ಲ. ಬೇರಿನೊಡನೆ ಬೆರೆತು ಬಾಳುವ ಶಿಲೀಂಧ್ರಗಳು ಮಣ್ಣಿನ ರಂಜಕವನ್ನು ಮರಕ್ಕೆ ಒದಗಿಸಿ, ಪ್ರತಿಯಾಗಿ ಮರದಿಂದ ಸಕ್ಕರೆಯನ್ನು ಪಡೆಯುತ್ತವೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಬೋಧಿಸಿದ ಪರಸ್ಪರ ಉಪಕಾರಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ. ಇನ್ನು ಕೆಲವು ಕಾಂಡದ ಒಳತಿರುಳನ್ನು ಮಾತ್ರ ತಿನ್ನುತ್ತವೆ. ಆ ತಿರುಳು ಮೊದಲೇ ನಿರ್ಜೀವ. ಮರದ ಜೀವವಿರುವುದು ತೊಗಟೆಯ ಕೆಳಗಿನ ಪದರಗಳಲ್ಲಿ. ಆದುದರಿಂದಲೇ ಪೊಟರೆಬಿದ್ದ ಮರಗಳು ಬಹುಕಾಲ ಚಿಗುರುತ್ತಾ ಗೂಬೆಗೂ ಗಿಳಿಗೂ ಜೇನಿಗೂ ಮನೆಯಾಗಿರುತ್ತವೆ.

ಆದರೆ ಅರಸೀಕೆರೆಯ ತೆಂಗಿನ ಬೆಳೆಗಾರನ ಸ್ಥಿತಿ ಬೇರೆ. ಗ್ಯಾನೊಡರ್ಮಾ ಎಂಬ ಶಿಲೀಂಧ್ರದಿಂದ ಬರುವ ಅಣಬೆ ರೋಗವು ಬೇರನ್ನು ಕೊಳೆಯಿಸಿ, ಮಣ್ಣಿನ ಮೂಲಕ ಮರದಿಂದ ಮರಕ್ಕೆ ಹರಡುತ್ತದೆ. ಬುಡದಲ್ಲಿ ಅಣಬೆ ಮೂಡುವ ವೇಳೆಗೆ ರೋಗವು ಬಹಳ ಮುಂದುವರಿದಿರುತ್ತದೆ. ಸತ್ತ ಮರವನ್ನು ಬೇರುಸಹಿತ ತೆಗೆಯುವುದು, ಸುತ್ತ ಕಂದಕ ತೋಡುವುದು, ಬೇವಿನ ಹಿಂಡಿಯೊಡನೆ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಹಾಕುವುದು ಅವನಿಗೆ ಅನಿವಾರ್ಯ. ಇದು ಉದ್ಯೋಗೀ ಹಿಂಸೆ. ಗೃಹಸ್ಥನಿಗೆ ಸರ್ವಥಾ ತ್ಯಾಜ್ಯವಾದುದು ಸಂಕಲ್ಪೀ ಹಿಂಸೆ; ಉದ್ಯೋಗೀ ಹಿಂಸೆಗೆ ಮಿತಿಯೇ ವ್ರತ.

ಬೇಲೂರು ಸೀಮೆಯ ಕಾಫಿ ತೋಟಗಳು ಮತ್ತೊಂದು ಪಾಠ ಹೇಳುತ್ತವೆ. ಕಡಿದ ನೆರಳುಮರದ ಬೊಡ್ಡೆಯನ್ನು ಹಾಗೆಯೇ ಬಿಟ್ಟರೆ ಅದರಲ್ಲಿ ಬೆಳೆದ ಶಿಲೀಂಧ್ರವು ನೆರೆಯ ಕಾಫಿ ಗಿಡಗಳ ಬೇರಿಗೆ ತಗಲುವುದುಂಟು. ಮುದಿಮರಗಳಿಗೂ ಕೊಳೆತವು ಪ್ರಾಯಶಃ ಗಾಯದ ಮೂಲಕವೇ ಪ್ರವೇಶಿಸುತ್ತದೆ. ಹೊಡೆದ ಮೊಳೆ, ಒರಟಾಗಿ ಕಡಿದ ಕೊಂಬೆ, ಕಾಲುದಾರಿಗಾಗಿ ತುಂಡರಿಸಿದ ಬೇರು, ಇವೆಲ್ಲವೂ ಬಾಗಿಲುಗಳು. ಬಾಗಿಲನ್ನು ತೆರೆದು, ಒಳಬಂದ ಅತಿಥಿಯನ್ನು ದೂಷಿಸುವುದು ನ್ಯಾಯವಲ್ಲ.

ಬಸದಿಯ ಮರವು ಯಾರ ಜೀವನೋಪಾಯವೂ ಅಲ್ಲ. ಆದುದರಿಂದ ಅಲ್ಲಿ ಬೆಳೆಗಾರನ ಸಮಾಧಾನವು ಸಲ್ಲದು. ಹಳೇಬೀಡಿನ ಬಸದಿಹಳ್ಳಿಯಲ್ಲಿ ಗಂಗರಾಜನ ಮಗ ಬೊಪ್ಪನು ೧೧೩೩ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಲ್ಲು ಸವೆದಿದೆಯೆಂದು ಅದನ್ನು ಕೆಡವಲು ಯಾರೂ ಹೇಳುವುದಿಲ್ಲ. ಸವೆದ ಕಲ್ಲಿಗೆ ಸಲ್ಲುವ ಗೌರವ, ಪೊಟರೆಬಿದ್ದ ಸಜೀವ ವೃಕ್ಷಕ್ಕೆ ಏಕೆ ಸಲ್ಲಬಾರದು?

ಟ್ರಸ್ಟುಗಳು ಮಾಡಬೇಕಾದುದು ಸ್ವಲ್ಪ, ಮಾಡದಿರಬೇಕಾದುದೇ ಹೆಚ್ಚು. ಬುಡದವರೆಗೆ ಕಾಂಕ್ರೀಟು ಹಾಸಬಾರದು, ಪೊಟರೆಗೆ ಸಿಮೆಂಟು ತುಂಬಿ ತೇವವನ್ನು ಬಂಧಿಸಬಾರದು, ಅದರೊಳಗೆ ದೀಪವಿಡಬಾರದು, ತರಗೆಲೆಯನ್ನು ಬುಡದಲ್ಲಿ ಸುಡಬಾರದು. ಯಾತ್ರಿಕರ ಪ್ರಾಣಕ್ಕೆ ಅಪಾಯವಿದ್ದರೆ ಬಲ್ಲವರಿಂದ ಪರೀಕ್ಷಿಸಿ, ಮೊದಲು ಜನರ ದಾರಿಯನ್ನು ಬದಲಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ಬೀಳುವ ಕೊಂಬೆಯನ್ನಷ್ಟೇ ತೆಗೆಯಬೇಕು. ಬೇರಾವ ಉಪಾಯವೂ ಇಲ್ಲದಾಗ ಮಾತ್ರ ಮರದ ಮಾತು.

ನೇರಳೆ ಮರದ ಬಳಿಗೆ ಹಸಿದು ಬಂದ ಆರು ಮಂದಿಯ ದೃಷ್ಟಾಂತವನ್ನು ಎಲ್ಲರೂ ಬಲ್ಲರು. ಹಸಿವು ಎಲ್ಲರಿಗೂ ಒಂದೇ ಆಗಿತ್ತು. ಒಬ್ಬನು ಬೇರನ್ನೇ ಕೀಳಬಯಸಿದನು, ಕೊನೆಯವನು ಉದುರಿದ ಹಣ್ಣಿನಿಂದಲೇ ತೃಪ್ತನಾದನು. ಲೇಶ್ಯೆಯ ಭೇದವಿದ್ದುದು ಹಸಿವಿನಲ್ಲಲ್ಲ, ಅದಕ್ಕಾಗಿ ಎಷ್ಟು ಕೆಡಿಸಲು ಸಿದ್ಧರಿದ್ದರೆಂಬುದರಲ್ಲಿ. ಕೊಡಲಿಗೆ ಅನುಮತಿ ನೀಡುವ ನಿರ್ಣಯಪುಸ್ತಕಕ್ಕೆ ಸಹಿ ಹಾಕುವಾಗ ಸಮಿತಿಯ ಸದಸ್ಯರು ತಮ್ಮ ಸ್ಥಾನವು ಆ ಆರರಲ್ಲಿ ಎಲ್ಲಿದೆಯೆಂದು ವಿಚಾರಿಸಿಕೊಳ್ಳುವುದು ಲೇಸು.